ಚಿಗವ್ವನ ಆನ್‌ಲೈನ್ ಸಾಲಿ

ನಮ್ಮ ಚಿಗವ್ವ ಬಿಟ್ಟ ಕೆಲಸಗಳನ್ನೆಲ್ಲ ಸಾಲಾಗಿ ತಂದು ನಿಲ್ಲಿಸಿದರೆ ಬೈಲಹೊಂಗಲದ ಪೇಟೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗಲಿಕ್ಕಿಲ್ಲ! ಅವಳು ಅವ್ವನ ಕೊನೆಯ ತಂಗಿ. ಕೆಲಸ ಬಾರದೆ ಹೊರಬಿದ್ದವಳಲ್ಲ. ಪ್ರತಿ ಕೆಲಸವನ್ನೂ ಬೇಕಾದದ್ದಕ್ಕಿಂತ ಹೆಚ್ಚು ಮಾಡಿ ಹೊರಬಿದ್ದವಳು. ಮುಂಜಾನೆ ಚಹಾ ಕುಡಿಯುತ್ತ ಅವಳ ಗಂಡ, ಅಂದರೆ ನಮ್ಮ ಕಾಕಾ, ಪೇಪರಿನಿಂದ ತಲೆ ಎತ್ತದೆ ಕೇಳುತ್ತಿದ್ದರು: "ಇವತ್ತ ಯಾವ ಕೆಲಸಕ್ಕ ಹೊಂಟಿ?" ಅದು ಕುಹಕವಲ್ಲ. ಅವರಿಗೆ ನಿಜಕ್ಕೂ ಗೊತ್ತಿರುತ್ತಿರಲಿಲ್ಲ.

ಶುರುವಾದದ್ದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುವುದರಿಂದ. ನಾನು ಸಣ್ಣವನಿದ್ದಾಗ ನನ್ನನ್ನು ತಟ್ಟಿ ಮಲಗಿಸುವಾಗಲೂ ಅವಳ ಬೆರಳುಗಳು ಬೆನ್ನ ಮೇಲೆ ಒಂದೊಂದಾಗಿ ಬೀಳುತ್ತಿದ್ದವು. ಸಾಲು ಮುಗಿಯಿತೆಂದು ಅನಿಸಿದಾಗ, ಟೈಪ್‌ರೈಟರಿನ ಹಿಡಿ ಎಳೆದಂತೆ, ನನ್ನನ್ನೇ ಬಲಕ್ಕೆ ಸರಿಸಿಬಿಡುತ್ತಿದ್ದಳು! ಕಂಪ್ಯೂಟರ್ ಬಂತು, ಕ್ಲಾಸು ಮುಚ್ಚಿತು. ಚಿಗವ್ವ ರಾಮದುರ್ಗದ ಕಡೆಯ ಹಳ್ಳಿಗಳಲ್ಲಿ ಹೊಲಿಗೆ ಯಂತ್ರ ಮಾರಲು ಹೊರಟಳು. ಹೊಲಿಯುವುದು ಎಷ್ಟು ಸುಲಭ ಎಂದು ತೋರಿಸಬೇಕಿತ್ತು, ಅಷ್ಟೇ. ಇವಳು ಎಷ್ಟು ಚಂದ ಹೊಲಿದು ತೋರಿಸಿದಳೆಂದರೆ, ಹೆಂಗಸರು ಯಂತ್ರ ಕೊಳ್ಳುವುದು ಬಿಟ್ಟು ಜಂಪರ್ ಬಟ್ಟೆ ತಂದು ಇವಳ ಮುಂದೆ ರಾಶಿ ಹಾಕಿದರು. ಯಂತ್ರ ಯಾರು ಕೊಳ್ಳುತ್ತಾರೆ?

ಆಮೇಲೆ ಕಿತ್ತೂರಿನ ಕಣ್ಣಿನ ದವಾಖಾನೆ. ಹೆಸರು ಬರೆದುಕೊಂಡು ರೋಗಿಗಳನ್ನು ಒಳಗೆ ಬಿಡುವ ಕೆಲಸ. ಒಬ್ಬ ಹಿರಿಯರು, "ಎಲ್ಲಾ ಮಬ್ಬ ಮಬ್ಬ ಕಾಣ್ತೈತ್ರಿ ತಂಗೀ" ಎಂದರು. ಚಿಗವ್ವ ಅವರ ಚಶ್ಮಾ ತೆಗೆದು, ಸೆರಗಿನಿಂದ ತಿಕ್ಕಿ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿದಳು.

"ಈಗ?"

"ಈಗ ಸ್ವಚ್ಛ ಕಾಣ್ತೈತ್ರಿ!"

"ಹಂಗಾರ ಮನಿಗಿ ನಡೀರಿ."

ಡಾಕ್ಟರು ಕೈ ಮುಗಿದು ಚಿಗವ್ವನನ್ನೂ ಮನೆಗೆ ಬೀಳ್ಕೊಟ್ಟರು.

ಅಲ್ಲಿಂದ ಸವದತ್ತಿಯ ಮಂಗಲ ಕಾರ್ಯಾಲಯದ ಮ್ಯಾನೇಜರಿಕೆ. ಮೈಕು ಇವಳ ಕೈಯಲ್ಲಿ. "ಉಂಡವ್ರು ಏಳ್ರಿ, ನಿಂತವ್ರ ಹೊಟ್ಟಿ ನಿಮ್ಮನ್ನ ನೋಡಾಕತ್ತೈತಿ!" ಎಂದು ಕೂಗಿದ ದಿನ, ಮೊದಲ ಪಂಕ್ತಿಯಿಂದ ಎದ್ದವರು ವರನ ತಂದೆ. ಎಲೆಯ ಮೇಲೆ ಅವರ ಹೋಳಿಗೆ ಹಾಗೇ ಇತ್ತು. ಆ ಕೆಲಸದ ಕಥೆಯೂ ಅಲ್ಲಿಗೆ ಮುಗಿಯಿತು.

ಹೀಗಿರುವಾಗ ಬೈಲಹೊಂಗಲದ ಒಂದು ಕಾಲೇಜು ಆನ್‌ಲೈನ್ ಡಿಗ್ರಿ ವಿಭಾಗ ತೆರೆಯಿತು. ನೋಡಿಕೊಳ್ಳಲು ಜನ ಬೇಕಾಗಿತ್ತು. ಪ್ರಿನ್ಸಿಪಾಲರು ಕೇಳಿದರಂತೆ: "ಅಡ್ಮಿನಿಸ್ಟ್ರೇಶನ್ ಅಂದ್ರ ಏನಂತ ಗೊತ್ತದ ಏನ್ರಿ ನಿಮಗ?"

"ಗೊತ್ತಿರದೇನ್ರಿ! ಮಂದಿನ್ನ ಕರಿಯೂದು, ಕುಂಡ್ರಸೂದು, ವ್ಯಾಳ್ಯಾಕ್ಕ ಕಳಸೂದು. ದವಾಖಾನ್ಯಾಗೂ ಅದ, ಮದಿವ್ಯಾಗೂ ಅದ."

ಕೆಲಸ ಸಿಕ್ಕಿತು. ಅಂದಿನಿಂದ ಅವಳ ಫೋನಿಗೆ ಬಿಡುವಿಲ್ಲ.

"ಮೇಡಂ, ಪಾಸ್‌ವರ್ಡ್ ಮರತೇನ್ರಿ."

"ಹೇಣ್ತಿ ಹೆಸರ ಇಟ್ಕೊ ಅಂತ ಹೇಳಿದ್ನಲ್ಲೊ!"

"ಅದನ್ನ ಇಟ್ಟೇನ್ರಿ. ಸ್ಪೆಲ್ಲಿಂಗ್ ಮರತೇನಿ."

ಕ್ಯಾಮೆರಾ ಮುಚ್ಚಿ ನಿದ್ದೆ ಹೊಡೆಯುವವರಿಗೆ ಪಾಠದ ನಡುವೆಯೇ ಫೋನು ಹೋಗುತ್ತಿತ್ತು. "ಏಳಪಾ, ಸರ್ ಪ್ರಶ್ನೆ ಕೇಳಾಕತ್ತಾರ!" ಪಾಠ ಬಿಟ್ಟವರು ಕಡಿಮೆಯಾದರು, ಚಿಗವ್ವನ ನಂಬರು ಬ್ಲಾಕ್ ಮಾಡಿದವರು ಹೆಚ್ಚಾದರು.

ಮನೋಳಿಯ ಸುಮಂಗಲಾ ಮಾತ್ರ ಪಾಠ ತಪ್ಪಿಸಿದವಳಲ್ಲ. ಮದುವೆಯಾಗಿ, ಮಗುವಾದ ಮೇಲೆ ಬಿ.ಎ.ಗೆ ಸೇರಿದ ಹೆಣ್ಣುಮಗಳು. ಪರೀಕ್ಷೆ ಮನೆಯಲ್ಲೇ, ಮೊಬೈಲಿನ ಮುಂದೆ. ಆದರೆ ಕೋಣೆಯಲ್ಲಿ ಬೇರೆ ಯಾರ ಮುಖವೂ ಕಾಣಬಾರದು. ಕೊನೆಯ ಪರೀಕ್ಷೆಯ ದಿನ ಅವಳ ಅತ್ತೆ, ಪಾಪ, ಸೊಸೆಗೆಂದು ಚಹಾ ತಂದರು. ಪರದೆ ಕೆಂಪಾಯಿತು, ಪರೀಕ್ಷೆ ನಿಂತಿತು.

"ಇನ್ನ ಸಾಕ್ರಿ ಮೇಡಂ, ಓದೂದು ಬಿಡ್ತೇನಿ," ಎಂದು ಸುಮಂಗಲಾ ಫೋನಿನಲ್ಲಿ ಅತ್ತಳು. ಚಿಗವ್ವ ಮೇಲಿನವರಿಗೆಲ್ಲ ಗಂಟುಬಿದ್ದು ಮತ್ತೊಂದು ಅವಕಾಶ ಕೊಡಿಸಿದಳು. ಇದು ತಪ್ಪಿದರೆ ಮುಂದಿನ ವರ್ಷವೇ. ಮರುಪರೀಕ್ಷೆಯ ರವಿವಾರ ತಾನೇ ಮನೋಳಿಯ ಬಸ್ಸು ಹತ್ತಿದಳು. ಜೊತೆಗೆ ನಾನು. ಕಾಕಾ ಬಾಗಿಲಲ್ಲಿ ನಿಂತು ಕೇಳಿದರು: "ಆನ್‌ಲೈನ್ ಅಂತಿ, ಬಸ್ಸಿನ್ಯಾಗ ಯಾಕ ಹೊಂಟಿ?"

ಸುಮಂಗಲಾಳ ಅತ್ತೆ ಸಿಟ್ಟಿನಲ್ಲಿದ್ದರು. "ನಮ್ಮ ಮನ್ಯಾಗ ನಾ ಓಡ್ಯಾಡಬಾರದಂತ ಮೊಬೈಲ್ ಹೇಳ್ತೈತೇನ್ರಿ?"

"ಮೊಬೈಲ್ ಅಲ್ರಿ ಆಯೀ, ನಾ ಹೇಳಾಕತ್ತೇನಿ. ಬರ್ರಿ, ಹೊರಗ ಕಟ್ಟಿ ಮ್ಯಾಲ ಕುಂಡ್ರೂಣು."

ಬಾಗಿಲು ಮುಚ್ಚಿತು. ಒಳಗೆ ಸುಮಂಗಲಾ, ಹೊರಗೆ ನಾವು. ಆಯಿ ಮೊರದ ತುಂಬ ಶೇಂಗಾ ತಂದರು, ಮೂವರೂ ಸುಲಿಯಲು ಕುಳಿತೆವು. ಒಳಗಿಂದ ಸಪ್ಪಳವೇ ಇಲ್ಲ. ಆಯಿ ಒಮ್ಮೆ ಬಾಗಿಲ ಕಡೆ ನೋಡಿದರು.

"ಅಕಿ ಪಾಸ್ ಆದ್ರ ಕಾಗದ ಕೊಡ್ತಾರೇನ್ರಿ?"

"ಕೊಡ್ತಾರ್ರಿ. ಹೆಸರ ಹಾಕಿ, ಸಿಕ್ಕಾ ಹೊಡದು."

"ಅದರಾಗ ಅಕಿ ಹೆಸರ ಎಲ್ಲಿರತೈತಿ? ನನಗ ಓದಾಕ ಬರಂಗಿಲ್ಲ."

ಚಿಗವ್ವನಿಗೆ ಇಷ್ಟೇ ಬೇಕಾಗಿತ್ತು! "ಬರ್ರಿ, ಈಗ ನಿಮ್ಮ ಹೆಸರ ಬರಿಯೂದು ಕಲಸ್ತೇನಿ."

"ನಂದ್ಯಾಕ? ನಾ ಬರದು ಯಾರಿಗಿ ತೋರಸಬೇಕಾಗೇತಿ? ಅಕಿದು ಕಲಸ್ರಿ."

ಚಿಗವ್ವ ಸಿಪ್ಪೆಗಳನ್ನು ಬದಿಗೆ ಸರಿಸಿ, ಕಟ್ಟೆಯ ಧೂಳಿನ ಮೇಲೆ ಬೆರಳಿನಿಂದ 'ಸು' ಬರೆದಳು. ಆಯಿ ಅದರ ಮೇಲೆಯೇ ತಮ್ಮ ಬೆರಳು ಆಡಿಸಿದರು. ಬಾಗಿಲು ತೆರೆದ ಸಪ್ಪಳ ಕೇಳಿದ್ದೇ ತಡ, ಅಂಗೈಯಿಂದ ಎಲ್ಲ ಅಳಿಸಿಬಿಟ್ಟರು. "ಅಕಿಗಿ ಹೇಳಬ್ಯಾಡ್ರಿ."

ಮುಂದಿನ ರವಿವಾರಗಳಲ್ಲೂ ಚಿಗವ್ವ ಬಸ್ಸು ಹತ್ತಿದಳು. ಸುಮಂಗಲಾ ಮಲಪ್ರಭೆಗೆ ಬಟ್ಟೆ ಒಗೆಯಲು ಹೋದ ಹೊತ್ತು ನೋಡಿ ಕಟ್ಟೆಯ ಮೇಲೆ ಪಾಠ ನಡೆಯಿತು.

ಸುಮಂಗಲಾ ಪಾಸಾದಳು. ಸರ್ಟಿಫಿಕೇಟನ್ನು ಅಂಚೆಗೆ ಹಾಕಲು ಚಿಗವ್ವ ಒಪ್ಪಲಿಲ್ಲ, ಒಯ್ದು ಕೊಡಲು ನಾವಿಬ್ಬರೂ ಹೋದೆವು. ಸುಮಂಗಲಾ ಕೈ ಚಾಚುವ ಮೊದಲೇ ಆಯಿ ಅದನ್ನು ತೆಗೆದುಕೊಂಡರು. ಮೇಲಿನ ದೊಡ್ಡ ಅಕ್ಷರಗಳನ್ನು ದಾಟಿ, ಇಂಗ್ಲಿಷಿನ ಸಾಲು ದಾಟಿ, ಅವರ ಬೆರಳು ಮೆಲ್ಲಗೆ ಕೆಳಗೆ ಬಂದು ಒಂದು ಕಡೆ ನಿಂತಿತು.

"ಸು… ಮಂ… ಗ… ಲಾ."

ಸುಮಂಗಲಾ ಅವರ ಮುಖವನ್ನೇ ನೋಡಿದಳು. "ಯವ್ವಾ, ನಿಮಗ ಓದಾಕ ಬರತೈತಿ?"

ಆಯಿ ಬೆರಳು ತೆಗೆಯಲಿಲ್ಲ.

"ಇಷ್ಟ ಬರತೈತಿ," ಎಂದರು.