ಬೀಳ್ಕೊಟ್ಟ ಮೇಲೂ ಬರುವ ಮೇಡಂ

ಹೆದರುವುದಕ್ಕೂ ಒಂದು ಶಿಸ್ತು ಬೇಕು ಎಂದು ನಂಬಿದವಳು ನಾನು. ಎಲ್ಲದಕ್ಕೂ ಒಟ್ಟಿಗೆ ಹೆದರಿದರೆ ಯಾವುದಕ್ಕೂ ಸರಿಯಾಗಿ ಹೆದರಿದಂತಾಗುವುದಿಲ್ಲ. ಆದ್ದರಿಂದ ಕಳೆದ ಏಳು ವಾರ ನನ್ನ ಭಯಗಳಿಗೆ ಒಂದು ವೇಳಾಪಟ್ಟಿ ಹಾಕಿಕೊಂಡಿದ್ದೆ. ಬೆಳಿಗ್ಗೆ ಏಳು ಹತ್ತಕ್ಕೆ ಮೊಬೈಲಿನಲ್ಲಿ ಮೇಲ್ ತೆರೆದಾಗ ಪತ್ರ ಇವತ್ತೂ ಬಂದಿಲ್ಲವೆಂಬ ಭಯ. ಮಧ್ಯಾಹ್ನ ಒಂದೂವರೆಗೆ, ಊಟದ ಡಬ್ಬಿ ತೆರೆಯುವ ಮೊದಲು, ಇನ್ನು ಬರುವುದೇ ಇಲ್ಲವೆಂಬ ಭಯ. ಸಂಜೆ ಐದಕ್ಕೆ, ಕೆಲಸ ಕೊಡುತ್ತೇವೆಂದ ಆ ಶಾಲೆಯೇ ಇಲ್ಲ, ಯಾರೋ ನನ್ನ ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಂಡು ನಗುತ್ತಿದ್ದಾರೆ ಎಂಬ ಭಯ. ಗಣಿತ ಕಲಿಸುವವಳಾದ್ದರಿಂದ ಒಂದು ಭಯ ಇನ್ನೊಂದರ ಅವಧಿಗೆ ನುಗ್ಗದಂತೆ ನೋಡಿಕೊಳ್ಳುವುದು ಕಷ್ಟವಾಗಲಿಲ್ಲ. ಭಾನುವಾರ ಮಾತ್ರ ಎಲ್ಲವೂ ಒಟ್ಟಿಗೆ ಬರುತ್ತಿದ್ದವು.

ನಾನು ಸಾಗರದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ನಾಲ್ಕು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಪ್ರತಿ ಮಾರ್ಚಿಗೆ ಮುಗಿದು, ಪ್ರತಿ ಜೂನಿಗೆ ಮತ್ತೆ ಶುರುವಾಗುವ ಕೆಲಸ. ಈ ಸಲ ಜೂನಿಗೆ ಬೇರೆಲ್ಲಾದರೂ ಶುರುವಾಗಲಿ ಎನ್ನಿಸಿ, ಯಾರಿಗೂ ಹೇಳದೆ, ಮಾಲ್ಡೀವ್ಸಿನ ಒಂದು ದ್ವೀಪದ ಶಾಲೆಗೆ ಅರ್ಜಿ ಹಾಕಿದೆ. ಬಾಡಿಗೆ ಕೋಣೆಯ ಗೋಡೆಗೆ ಬೆನ್ನು ಕೊಟ್ಟು, ಕಂಪ್ಯೂಟರಿನ ಎದುರು ಕುಳಿತು ಸಂದರ್ಶನ ಕೊಟ್ಟೆ. ಆಯ್ಕೆಯಾಗಿದ್ದೀರಿ, ಒಪ್ಪಿಗೆಯೇ ಎಂದು ಕೇಳಿದರು. ಒಪ್ಪಿಗೆ ಎಂದು ಬರೆದೆ. ಹಾಗಾದರೆ ವಿಧ್ಯುಕ್ತವಾದ ಕರಾರುಪತ್ರವನ್ನು ಸದ್ಯದಲ್ಲೇ ಕಳಿಸುತ್ತೇವೆ ಎಂದು ಉತ್ತರ ಬಂತು. ಈ 'ಸದ್ಯದಲ್ಲೇ' ಎಂಬುದನ್ನು ನಾನು ಆಗಲೇ ಅನುಮಾನಿಸಬೇಕಿತ್ತು. ನನ್ನ ಅಪ್ಪ ಹೊಸನಗರದ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. ಶಿವಮೊಗ್ಗವನ್ನೇ ಬಿಡದ ಬಸ್ಸಿನ ಬಗ್ಗೆಯೂ 'ಈಗ ಬಂತು, ಕೂತ್ಕಳಿ' ಎಂದು ಸಮಾಧಾನವಾಗಿ ಹೇಳುವುದು ಅವರ ವೃತ್ತಿ. ಆ ಮಾತು ನಂಬಿ ಕುಳಿತವರ ಮುಖಗಳನ್ನು ನೋಡುತ್ತಲೇ ಬೆಳೆದವಳು ನಾನು.

ಅಪ್ಪನಿಗೆ ಮಾತ್ರ ಸುದ್ದಿ ಹೇಳಿ, ಕರಾರು ಬರುವವರೆಗೆ ಯಾರಿಗೂ ಹೇಳಬೇಡಿ ಎಂದಿದ್ದೆ. ಅವರು ಯಾರಿಗೂ ಹೇಳಲಿಲ್ಲ. ಒಬ್ಬ ಕಂಡಕ್ಟರನಿಗೆ ಹೇಳಿದರು. ಅವರ ಲೆಕ್ಕದಲ್ಲಿ ಕಂಡಕ್ಟರ್ ಹೊರಗಿನವನಲ್ಲ. ಬೆಳಿಗ್ಗೆ ಹೊಸನಗರ ಬಿಟ್ಟ ಸುದ್ದಿ ದಾರಿಯ ನಿಲ್ದಾಣಗಳಲ್ಲೆಲ್ಲ ಇಳಿದು ಹತ್ತಿ, ಮಧ್ಯಾಹ್ನದ ಹೊತ್ತಿಗೆ ನಮ್ಮ ಪ್ರಾಂಶುಪಾಲರ ಕೊಠಡಿ ತಲುಪಿತ್ತು. ಅದೇ ವಾರ ಕಚೇರಿಯ ಸೂಪರಿಂಟೆಂಡೆಂಟ್ ಶೇಖರಪ್ಪನವರ ನಿವೃತ್ತಿ ಸಮಾರಂಭವಿತ್ತು. ಪ್ರಾಂಶುಪಾಲರು ನನ್ನನ್ನು ಕರೆಸಿ, "ಹೆಂಗೂ ಶುಕ್ರವಾರ ಶೇಖರಪ್ಪನವರದ್ದು ಇಟ್ಟಿದೀವಿ ಮೇಡಂ. ಮೈಕು, ಅತಿಥಿಗಳು ಎಲ್ಲ ಬರ್ತಾರೆ. ಹಾರ ಒಂದು ಜಾಸ್ತಿ ತರಿಸಿದ್ರೆ ನಿಮ್ದೂ ಮುಗಿದು ಹೋಗ್ತದೆ," ಎಂದರು. ಪತ್ರ ಇನ್ನೂ ಬಂದಿಲ್ಲ ಸರ್, ದಯವಿಟ್ಟು ಬೇಡ ಎಂದೆ. ಅವರು ಮೆಚ್ಚುಗೆಯಿಂದ ತಲೆಯಾಡಿಸಿದರು. ನಮ್ಮ ಕಡೆ ಸನ್ಮಾನವನ್ನು ಬೇಡ ಎನ್ನುವುದೇ ಅದನ್ನು ಒಪ್ಪಿಕೊಳ್ಳುವ ಕ್ರಮ.

ಹೀಗೆ ನಾನು ಇನ್ನೂ ಇಲ್ಲೇ ಇರುವಾಗಲೇ ನನ್ನನ್ನು ಬೀಳ್ಕೊಡಲಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ. ಸಾಗರದಿಂದ ಸಾಗರದಾಚೆಗೆ ಎಂಬ ಮಾತನ್ನು ಎಂಟು ಮಂದಿ ಭಾಷಣಕಾರರಲ್ಲಿ ಆರು ಮಂದಿ ತಮಗೇ ಮೊದಲು ಹೊಳೆದಂತೆ ಹೇಳಿದರು. ಕೊನೆಗೆ ನನಗೆ ಮೈಕು ಕೊಟ್ಟರು. ನಾನು ನಾಲ್ಕು ವರ್ಷದಲ್ಲಿ ಸ್ಟಾಫ್ ರೂಮಿನಲ್ಲಿ ಜೋರಾಗಿ ನಕ್ಕವಳೂ ಅಲ್ಲ. ಅಂಥವಳು ಮೂರನೆಯ ವಾಕ್ಯಕ್ಕೆ ಅತ್ತುಬಿಟ್ಟೆ. ಜನರಿಗೆ ಅದು ಅಗಲಿಕೆಯ ದುಃಖವಾಗಿ ಕಂಡಿತು. ನಿಜಕ್ಕೂ ಅದು ಭಯ. ಇಷ್ಟೆಲ್ಲ ಆದ ಮೇಲೆ ಆ ಪತ್ರ ಬರದಿದ್ದರೆ ಎಂಬ ಯೋಚನೆ ಸರಿಯಾಗಿ ಮೈಕಿನ ಎದುರು ಬಂದಿತ್ತು.

ಸೋಮವಾರ ಬೆಳಿಗ್ಗೆ ಸಿಇಟಿ ತರಗತಿಗೆ ಹೋದೆ. ಬೀಳ್ಕೊಡುಗೆ ಆಗಿದ್ದರೂ, ಕಾಲೇಜಿನ ಪಾಠ ಮಾರ್ಚಿಗೆ ಮುಗಿಯುವುದಾದರೂ, ಏಪ್ರಿಲ್ ಕೊನೆಯವರೆಗೆ ಈ ಸಿಇಟಿ ಪಾಠ ನನ್ನದೇ. ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಕಳ್ಳಿಯಂತೆ ಅತ್ತಿತ್ತ ನೋಡಿದೆ. ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ ಎದ್ದು ನಿಂತು, "ಹೋಗ್ಲಿಲ್ವಾ ಮೇಡಂ?" ಎಂದು ಕೇಳಿದಳು. ಸಂಭವನೀಯತೆಯ ಪಾಠ ಮಾಡುವುದಿತ್ತು. ಅವತ್ತು ಎರಡೇ ಉತ್ತರವಿರುವ ನಾಣ್ಯ ಚಿಮ್ಮುವ ಉದಾಹರಣೆ ಕೊಡಲು ಧೈರ್ಯ ಬರಲಿಲ್ಲ, ದಾಳಕ್ಕೆ ಹೋದೆ.

ವಾರಗಳು ಕಳೆದವು. ಪತ್ರ ಬರಲಿಲ್ಲ, ಊಟದ ಕರೆಗಳು ಬಂದವು. ದೂರ ಹೊರಟವರನ್ನು ಮನೆಗೆ ಕರೆದು ಊಟ ಹಾಕಿ ಕಳಿಸುವುದು ನಮ್ಮ ನೆಂಟರಿಷ್ಟರಲ್ಲಿ ಬಿಡಲಾಗದ ಪದ್ಧತಿ. ಹೊರಡದೆ ಇರುವವರಿಗೆ ಏನು ಮಾಡಬೇಕೆಂದು ಯಾರೂ ಗೊತ್ತು ಮಾಡಿಟ್ಟಿಲ್ಲ. ತೀರ್ಥಹಳ್ಳಿಯ ಸರೋಜತ್ತೆ, ಎಂದರೆ ಅಪ್ಪನ ಅಕ್ಕ, ಮಾರ್ಚಿನಲ್ಲೇ ಕೋಳಿ ಸಾರು ಕಡುಬು ಮಾಡಿ ಬಡಿಸಿ ನನ್ನನ್ನು ಕಳಿಸಿಕೊಟ್ಟಿದ್ದರು. ಏಪ್ರಿಲ್ಲಿನಲ್ಲಿ ಬೇರೆ ಕೆಲಸಕ್ಕೆ ತೀರ್ಥಹಳ್ಳಿಗೆ ಹೋದಾಗ ಅವರ ಕಣ್ಣಿಗೆ ಬಿದ್ದೆ.

"ಎಂತದೇ ಇದು, ಹೋಗಿ ಬಂದ್ಯಾ?" ಎಂದರು.

ಇನ್ನೂ ಹೋಗಿಲ್ಲ ಅತ್ತೆ ಎಂದೆ.

"ಕಳ್ಸೋ ಊಟ ಹಾಕಿ ತಿಂಗ್ಳಾತು. ಈಗ ಹಾಕಿದ್ರೆ ಅದು ಎಂತ ಊಟ ಅಂತ ಲೆಕ್ಕ ಮಾರಾಯ್ತಿ?"

ಹಾಗೆಂದರೂ ತಟ್ಟೆ ಇಟ್ಟೇಬಿಟ್ಟರು. ಹೊಟ್ಟೆ ಚುರುಗುಟ್ಟುತ್ತಿತ್ತು. ನಾನು ಬೇಡ, ಈಗಷ್ಟೇ ತಿಂದೆ ಎಂದೆ. ಅವರು ಕೇಳಿಸಿಕೊಳ್ಳದೆ ಬಡಿಸಿದರು. ಸಾಕು ಎಂದು ಕೈ ಅಡ್ಡ ಹಿಡಿದೆ. ಬೆರಳ ಸಂದಿಯಿಂದಲೇ ಸಾರು ಬಿಟ್ಟರು. ನಮ್ಮಲ್ಲಿ ಬೇಕು ಎನ್ನುವ ಪದವನ್ನು ಮಕ್ಕಳು ಮಾತ್ರ ಬಳಸುತ್ತಾರೆ. ದೊಡ್ಡವರು ಬೇಡ ಎಂದರೆ, ಎದುರಿನವರು ಅದನ್ನು ತಿರುಗಿಸಿ ಓದಿಕೊಳ್ಳುತ್ತಾರೆ. ಇದರಿಂದ ಇದುವರೆಗೆ ಯಾರೂ ಉಪವಾಸ ಬಿದ್ದದ್ದಿಲ್ಲ.

ಉಪವಾಸ ಬೀಳುವ ಹೆದರಿಕೆ ಶುರುವಾದದ್ದು ಮರುವಾರ. ಪ್ರಾಂಶುಪಾಲರು ಒಬ್ಬ ತರುಣಿಯನ್ನು ಸ್ಟಾಫ್ ರೂಮಿಗೆ ಕರೆತಂದು, ಜೂನಿನಿಂದ ಗಣಿತ ಇವರದ್ದು ಎಂದು ಪರಿಚಯಿಸಿದರು. ಪಾಪದ ಹುಡುಗಿ, ನನ್ನ ಹಾಗೆಯೇ ಮೆಲುದನಿ. ನನ್ನ ಮೇಜಿನ ಖಾನೆ ಎಷ್ಟು ಆಳವಿದೆ ಎಂದು ಎಳೆದು ನೋಡಿದಳು. ನನ್ನ ಪುಸ್ತಕಗಳು ಕಂಡವು. ಸಾವಕಾಶ ತೆಗೆದರೆ ಸಾಕು ಎಂದು ಮೆಲ್ಲಗೆ ಮುಚ್ಚಿದಳು. ಈ ಊರಿನಲ್ಲಿ ನನ್ನ ಕೆಲಸ ಹೋಯಿತು. ಆ ಊರಿನ ಕೆಲಸಕ್ಕೆ ನನ್ನ ಬಳಿ ಎರಡು ಸಾಲಿನ ಮೇಲ್ ಬಿಟ್ಟರೆ ಏನೂ ಇಲ್ಲ. ಅವತ್ತು ಸಂಜೆ ಮೊಬೈಲಿನ ನಕಾಶೆಯಲ್ಲಿ ಆ ದ್ವೀಪವನ್ನು ಹುಡುಕಿದೆ. ಅಕ್ಕಿಕಾಳಿನಷ್ಟು ನೆಲ, ಒಂದು ನೀಲಿ ಚಾವಣಿ, ಸುತ್ತಲೂ ನೀರು. ಸೇತುವೆಯಾಗುವ ಮೊದಲು ಶರಾವತಿ ಹಿನ್ನೀರಿನ ಲಾಂಚಿನಲ್ಲಿ ಆ ದಡ ಮುಟ್ಟುವವರೆಗೂ ಕಣ್ಣು ಮುಚ್ಚಿ ಕೂರುತ್ತಿದ್ದವಳು ನಾನು. ಅಂಥವಳು ಆ ನೀಲಿ ಚಾವಣಿ ಶಾಲೆಯದ್ದೇ ಆಗಿರಲಿ ಎಂದು ಬೇಡಿಕೊಂಡೆ.

ಕೇಳಬಹುದಿತ್ತಲ್ಲ ಎಂದು ನೀವು ಹೇಳಬಹುದು. ಒಂದು ಮೇಲ್ ಬರೆದರೆ ಮುಗಿಯುತ್ತಿತ್ತು. ಬರೆದೆ, ಹದಿನಾಲ್ಕು ಸಲ. ಪ್ರತಿಸಲವೂ ಪೀಡಿಸಿದಂತೆ ಕಂಡು ಅಳಿಸಿದೆ. ಕೊಡುವವರನ್ನು ಕೇಳಿದರೆ ಕೊಡುವ ಮನಸ್ಸು ಮುರಿದುಬಿಟ್ಟರೆ ಎಂಬ ಹೆದರಿಕೆ ಬೇರೆ.

ಆ ಸಂಕಟದ ನಡುವೆ ಒಂದು ದಿನ ಕಾರಿಡಾರಿನಲ್ಲಿ ಶೇಖರಪ್ಪನವರು ಎದುರಾದರು. ನನ್ನ ಜೊತೆಗೇ ಬೀಳ್ಕೊಡುಗೆ ಆದವರು. ಪಿಂಚಣಿ ಕಡತಕ್ಕೆ ಯಾವುದೋ ಸಹಿ ಬೇಕಾಗಿತ್ತಂತೆ. ಹಾರ ಹಾಕಿಸಿಕೊಂಡ ಇಬ್ಬರೂ ಹಾರ ಹಾಕಿದವರ ಕಣ್ಣು ತಪ್ಪಿಸಿ ನೋಟಿಸ್ ಬೋರ್ಡಿನ ಪಕ್ಕ ನಿಂತೆವು.

"ನಂದು ಪೆನ್ಷನ್ನು. ನಿಮ್ದು ಎಂತ ಮೇಡಂ?" ಎಂದರು.

ಹೇಳಿದೆ. ಯಾರಿಗೂ ಹೇಳದ್ದನ್ನು ಅವರಿಗೆ ಪೂರ್ತಿ ಹೇಳಿದೆ. ಅವರು ಕನಿಕರ ತೋರಿಸಲಿಲ್ಲ. ನಾನು ಒಪ್ಪಿಗೆ ಕೊಟ್ಟು ಬರೆದ ಮೇಲ್ ಓದಿ ಹೇಳಿ ಎಂದರು. ಮೊಬೈಲ್ ತೆಗೆದು ಓದಿದೆ. ವಂದನೆ, ಒಪ್ಪಿಗೆ, ಕೃತಜ್ಞತೆ, ಕೊನೆಗೆ ನಾನು ಬಹಳ ಯೋಚಿಸಿ ಸೇರಿಸಿದ್ದ ಸಾಲು: ಕರಾರುಪತ್ರವನ್ನು ನಿಮಗೆ ಅನುಕೂಲವಾದಾಗ ಕಳಿಸಿದರೆ ಸಾಕು, ನನ್ನ ಕಡೆಯಿಂದ ಅವಸರವೇನಿಲ್ಲ.

ಶೇಖರಪ್ಪನವರು ಕನ್ನಡಕ ತೆಗೆದರು. "ಅವಸರ ಇಲ್ಲ ಅಂತ ಅರ್ಜಿದಾರರೇ ಬರಕೊಟ್ರೆ ಆ ಫೈಲು ಯಾರು ಮೇಲೆ ಇಡ್ತಾರೆ ಮೇಡಂ? ನಾನೇ ಮೂವತ್ತು ವರ್ಷ ಅಂಥವನ್ನ ಅಡೀಗೆ ಹಾಕಿದೀನಿ."

ಅದು ಮರ್ಯಾದೆಗೆ ಬರೆದದ್ದು ಸರ್ ಎಂದೆ.

"ಮರ್ಯಾದೆಯಿಂದ್ಲೇ ಅಡೀಗೆ ಹಾಕ್ತಿದ್ದೆ," ಎಂದರು.

ಮಧ್ಯಾಹ್ನ ಖಾಲಿ ತರಗತಿಯೊಂದರ ಬಾಗಿಲು ಹಾಕಿಕೊಂಡು ಮೇಲ್‌ನಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದೆ. ನಾಲ್ಕು ಸಲ ರಿಂಗಾಗುವಷ್ಟರಲ್ಲಿ ಇಟ್ಟುಬಿಡಲು ಮೂರು ಕಾರಣ ಸಿಕ್ಕಿದ್ದವು. ಒಬ್ಬ ಹೆಂಗಸು ಎತ್ತಿದರು. ನನ್ನ ಹೆಸರು ಕೇಳಿ, ಓ, ನೀವಾ ಎಂದು ಸಂತೋಷಪಟ್ಟರು. ದಿನಕ್ಕೆರಡು ಸಲ ಫೋನ್ ಮಾಡಿ ಕಾಡಿದವರದ್ದೆಲ್ಲ ಮೊದಲು ಮುಗಿಸಿಕೊಟ್ಟೆವು. ನೀವೊಬ್ಬರೇ ತಾಳ್ಮೆಯಿಂದ ಇದ್ದದ್ದು, ಬಹಳ ಉಪಕಾರವಾಯಿತು ಎಂದರು. ಇನ್ನೂ ಕೆಲವು ವಾರ ತಡವಾದರೆ ತೊಂದರೆಯಿಲ್ಲ ತಾನೆ ಎಂದು ಕೇಳಿದರು. ತೊಂದರೆಯಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಟ್ಟಿದಾರಭ್ಯ ಅದೇ ಮಾತು ಮೊದಲು ಬರುವುದು. ಪಕ್ಕದ ಸ್ಟಾಫ್ ರೂಮಿನ ಆ ಖಾನೆ ಕಣ್ಣಿಗೆ ಕಟ್ಟಿತು.

"ತೊಂದರೆ ಇದೆ. ನನಗೆ ಅದು ಇವತ್ತೇ ಬೇಕು," ಎಂದೆ. ಇಂಗ್ಲಿಷಿನಲ್ಲೇ ಹೇಳಿದ್ದು. ಕನ್ನಡದಲ್ಲಾಗಿದ್ದರೆ ಬಾಯಿಂದ ಹೊರಡುತ್ತಿರಲಿಲ್ಲ.

ಅಷ್ಟೇನಾ, ಮೊದಲೇ ಹೇಳುವುದಲ್ಲವೇ ಎಂದರು ಅವರು. ನಲವತ್ತು ನಿಮಿಷದಲ್ಲಿ ಪತ್ರ ಬಂತು. ಹನ್ನೊಂದು ಪುಟ. ಪ್ರತಿ ಪುಟಕ್ಕೂ ಸಹಿ ಹಾಕಿ ಗುರುವಾರ ಸಂಜೆ ಐದರೊಳಗೆ ಕಳಿಸಬೇಕೆಂದಿತ್ತು. ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡೆ. ಹಾಳೆಗಳು ಹೊರಬರುತ್ತಿದ್ದಂತೆ ಅಂಗಡಿಯವರು ಓದುತ್ತ ಹೋಗಿ, "ಮೂರು ತಿಂಗ್ಳು ಪ್ರೊಬೇಷನ್ ಅಂತೆ ಮೇಡಂ, ನೋಡ್ಕಳಿ," ಎಂದು ಎಚ್ಚರಿಸಿದರು. ನನ್ನ ಖಾಸಗಿ ಬದುಕಿನಲ್ಲಿ ಇನ್ನು ಮುಚ್ಚಿಡುವಂಥದ್ದೇನೂ ಉಳಿಯಲಿಲ್ಲ ಎಂದು ಒಂದು ಬಗೆಯ ನಿರಾಳವೇ ಆಯಿತು.

ಅಪ್ಪನಿಗೆ ಫೋನ್ ಮಾಡಿ, ಬಂತು ಎಂದೆ.

"ಬಂತಾ," ಎಂದರು. ಆಮೇಲೆ, "ಹಂಗಾರೆ ಹೋಗೋದೇ ಆತು."

ಇಷ್ಟು ದಿನ ದಿನಕ್ಕೊಮ್ಮೆ ಪತ್ರದ ವಿಚಾರ ಕೇಳುತ್ತಿದ್ದವರು ಅವರೊಬ್ಬರೇ. ಅದು ಬರಲಿ ಎಂದು ಕೇಳುತ್ತಿದ್ದಾರೆಂದು ನಾನು ತಿಳಿದಿದ್ದೆ.

ಆ ಮೇಲೆ ಪತ್ರವನ್ನು ನಾಲ್ಕು ಸಲ ಓದಿದೆ. ಏನಾದರೂ ತಪ್ಪಿದ್ದರೆ ಹಿಂತಿರುಗಿಸಿ ಸರಿಪಡಿಸಲು ಹೇಳಬಹುದಿತ್ತು, ಅದಕ್ಕೆ ವಾರವಾದರೂ ಹಿಡಿಯುತ್ತಿತ್ತು. ಗಣಿತದವಳ ಕಣ್ಣಿಗೆ ಒಂದು ತಪ್ಪೂ ಸಿಗಲಿಲ್ಲ. ಏಳು ವಾರ ಪತ್ರ ಬರುವುದಿಲ್ಲವೆಂದು ನಡುಗಿದೆನಲ್ಲ, ಆ ನಡುಕದ ಮರೆಯಲ್ಲಿ ಎಷ್ಟು ಕ್ಷೇಮವಾಗಿದ್ದೆ ಎಂಬುದು ಈಗ ತಿಳಿಯುತ್ತಿದೆ. ನೀರು, ಬೇರೆ ಭಾಷೆಯ ಮಕ್ಕಳು, ಗುರುತಿನ ಒಂದು ಮುಖವೂ ಇಲ್ಲದ ಊರು, ಇವಕ್ಕೆಲ್ಲ ಹೆದರುವ ಸರದಿ ಇನ್ನೂ ಬಂದೇ ಇರಲಿಲ್ಲ.

ಇವತ್ತು ಗುರುವಾರ. ಹತ್ತು ಪುಟಗಳಿಗೆ ಬೆಳಿಗ್ಗೆಯೇ ಸಹಿ ಹಾಕಿದ್ದೇನೆ. ಹನ್ನೊಂದನೆಯದಕ್ಕೆ ಹಾಕುವ ಮೊದಲು ಈ ಪ್ರಬಂಧವೊಂದನ್ನು ಮುಗಿಸಿಬಿಡೋಣ ಎಂದು ಮಧ್ಯಾಹ್ನ ಕುಳಿತೆ. ಅದಕ್ಕೇ ಇದು ಇಷ್ಟು ಉದ್ದವಾಯಿತು. ಈಗಷ್ಟೇ ಆ ಹೆಂಗಸಿನಿಂದ ಮೇಲ್ ಬಂದಿದೆ: ಗಂಟೆ ನಾಲ್ಕೂವರೆ ಆಯಿತು ಮೇಡಂ, ನಿಮ್ಮ ಪತ್ರಕ್ಕೆ ಕಾಯುತ್ತಿದ್ದೇವೆ. 'ಸದ್ಯದಲ್ಲೇ' ಎಂದು ಉತ್ತರ ಬರೆದು, ಪೆನ್ನಿನ ಮುಚ್ಚಳ ತೆಗೆದಿದ್ದೇನೆ.