ಅಶ್ವತ್ಥಮ್ಮನವರ ನಗುವ ಪಟ

ಬಾಡಿಗೆದಾರನ ಕ್ಯಾಮೆರಾ ಕೇಳಿ ತಂದದ್ದು ಚಂದಾಪುರದ ಗೋಪಾಲಪ್ಪನ ಮೊದಲ ತಪ್ಪು. ಮನೆ ಬಿಡುವ ಮುಂಚೆ ಅದನ್ನೊಮ್ಮೆ ಒತ್ತಿ ನೋಡದೆ ಹೋದದ್ದು ಎರಡನೆಯದು.

ಇದಕ್ಕೆಲ್ಲ ಕಾರಣ ಸೋದರತ್ತೆ ಅಶ್ವತ್ಥಮ್ಮ. ಕಣ್ಣಿನ ಆಪರೇಷನ್‌ಗೆಂದು ಮಾಲೂರು ಕಡೆಯಿಂದ ಬಂದವರು ಒಂದು ತಿಂಗಳಿಂದ ಗೋಪಾಲಪ್ಪನ ಮಂಚದ ಮೇಲೆ ಮಲಗುತ್ತಿದ್ದರು. ಗೋಪಾಲಪ್ಪ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಸೊಂಟ ಹಿಡಿಸಿಕೊಂಡಿದ್ದ. ಊರಿಗೆ ಹೊರಡುವ ಮುಂಚೆ ಅತ್ತೆಯದು ಒಂದೇ ಆಸೆ.

"ಓಟಿನ ಕಾರ್ಡ್ನಾಗೆ ಯಾರ್ನೋ ಬಯ್ಯೋ ಅಂಗೆ ಕಾಣ್ತೀನಿ ಕಣೋ ಗೋಪಾಲ. ನಾನು ಸತ್ಮೇಲೆ ಗೋಡೆಗೆ ಅದ್ನೇ ಆಕ್ಬಿಡ್ತಾರೆ. ನೀರು ಬೀಳೋ ಜಾಗ್ದಾಗೆ ನಗ್ತಾ ನಿಂತಿರೋ ಪಟ ಒಂದು ತೆಗ್ದುಕೊಡು. ಮಾರ್ನೇ ದಿನ ಊರಿಗೆ ಒಲ್ಟೋಯ್ತೀನಿ."

ಮಹಡಿ ಮನೆಯ ಬಾಡಿಗೆದಾರ ಶಶಿಕುಮಾರ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿಯ ಹುಡುಗ. ಯಾವ ಬಟನ್ ಒತ್ತಬೇಕೆಂದು ಶನಿವಾರವೇ ತೋರಿಸಿಕೊಟ್ಟಿದ್ದ. ಭಾನುವಾರ ಬೆಳಿಗ್ಗೆ ಅರೆಗಣ್ಣಿನಲ್ಲೇ ಕ್ಯಾಮೆರಾ ಕೈಗಿತ್ತು ಬಾಗಿಲು ಹಾಕಿಕೊಂಡ. ಪಕ್ಕದ ಮನೆ ಹನುಮಂತರಾಯಪ್ಪನ ಓಮ್ನಿ ಮುತ್ಯಾಲಮಡು ಜಲಪಾತಕ್ಕೆ ಹೊರಟಿತು. ವ್ಯಾನು ಅವನದಾದ್ದರಿಂದ ದಾರಿಯುದ್ದಕ್ಕೂ ಸಲಹೆಗಳೂ ಅವನವೇ.

ಮಳೆಗಾಲ ಆಗತಾನೆ ಮುಗಿದು ನೀರು ಚೆನ್ನಾಗಿ ಧುಮುಕುತ್ತಿತ್ತು. ಅತ್ತೆ ತಲೆ ಬಾಚಿಕೊಳ್ಳುತ್ತ ಕೂತಾಗ ಗೋಪಾಲಪ್ಪ ಬಟನ್ ಒತ್ತಿದ. ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದ. ಊಹೂಂ. ಬ್ಯಾಟರಿ ಸತ್ತಿದೆ ಎಂದುಕೊಂಡ. ಮಂಕಾದ ಟಾರ್ಚ್ ಸೆಲ್ಲುಗಳನ್ನು ಬಿಸಿಲಿಗೆ ಇಟ್ಟು ಬೆಳೆದವನು ಅವನು. ಇದರಲ್ಲಿ ಸೆಲ್ಲು ಎಲ್ಲಿರುತ್ತದೋ ಗೊತ್ತಾಗದೆ ಇಡೀ ಕ್ಯಾಮೆರಾವನ್ನೇ ಹಪ್ಪಳದ ಹಾಗೆ ಬಂಡೆಯ ಮೇಲೆ ಒಣಗಲು ಇಟ್ಟ. ಕ್ಯಾಮೆರಾ ಕಾದು ಬಿಸಿಯಾಯಿತೇ ಹೊರತು ಏಳಲಿಲ್ಲ.

ಅಷ್ಟರಲ್ಲಿ ಅತ್ತೆ ಹೊಸ ಸೀರೆಯ ಸೆರಗು ಸರಿಮಾಡಿಕೊಂಡು ನೀರಿನ ಮುಂದೆ ಬಂದು ನಿಂತರು. ಆ ಉತ್ಸಾಹ ನೋಡಿ ನಿಜ ಹೇಳಲು ಗೋಪಾಲಪ್ಪನಿಗೆ ಬಾಯೇ ಬರಲಿಲ್ಲ. ಕ್ಯಾಮೆರಾ ಕಣ್ಣಿಗಿಟ್ಟು ನಾಲಿಗೆಯಿಂದ "ಟಿಕ್" ಅಂದ.

"ಫ್ಲಾಶೇ ಬರ್ಲಿಲ್ವಲ್ಲೋ?" ಹನುಮಂತರಾಯಪ್ಪ ಕೇಳಿದ.

"ಬಿಸಿಲಲ್ಲಿ ಬರಲ್ಲ ಕಣಣ್ಣ."

"ಇಂದ್ಗಡೆ ಪಟ ಕಾಣ್ಸುತ್ತಂತಲ್ಲ, ತೋರ್ಸು."

"ಅದೂ ಬಿಸಿಲಲ್ಲಿ ಕಾಣಲ್ಲ."

ಆ ಟಿಕ್ ಶಬ್ದ ಕೇಳಿ ಅತ್ತೆಗೆ ಅದೇನೋ ಕಚಗುಳಿ. ಮಗುವಿನ ಹಾಗೆ ಬಾಯ್ತುಂಬ ನಕ್ಕರು. ಮೆಟ್ಟಿಲ ಮೇಲೆ, ಮರದ ಕೆಳಗೆ, ಕಲ್ಲು ಗುಡಿಯ ಮುಂದೆ ನಿಂತು ಮತ್ತೆ ಮತ್ತೆ ನಕ್ಕರು. ಹನುಮಂತರಾಯಪ್ಪನೂ ಮೀಸೆ ತಿರುವಿ ನಿಂತ. ಸಂಜೆಯ ಹೊತ್ತಿಗೆ ಗೋಪಾಲಪ್ಪನ ನಾಲಿಗೆ ಒಣಗಿತ್ತು. ಅಂಥ ನಗುವಿಗೆ ಮೋಸ ಮಾಡಿದೆನಲ್ಲ ಎಂದು ತನ್ನನ್ನೇ ಬಯ್ದುಕೊಂಡ. ಕೊನೆಗೆ ಒಂದು ಉಪಾಯ ಹೊಳೆಯಿತು. ಕಂಪ್ಯೂಟರಿಗೆ ಹಾಕುವಾಗ ಪಟಗಳೆಲ್ಲ ಅಳಿಸಿಹೋದವು ಎನ್ನುವುದು. ಕಂಪ್ಯೂಟರಿನ ತಪ್ಪಿಗೆ ಯಾರು ಯಾರನ್ನು ಬಯ್ಯುತ್ತಾರೆ? ಓಮ್ನಿ ಮನೆ ಮುಟ್ಟುವಷ್ಟರಲ್ಲಿ ಅವನ ಮನಸ್ಸು ಹಗುರಾಗಿತ್ತು.

ಗೇಟಿನಲ್ಲೇ ಶಶಿಕುಮಾರ್ ಕಾಯುತ್ತಿದ್ದ. ಬೆರಳಲ್ಲಿ ಕಡಲೆಮಿಠಾಯಿಯಷ್ಟು ಅಗಲದ ಕಪ್ಪು ಬಿಲ್ಲೆ.

"ಅಂಕಲ್, ಸಾರಿ ಅಂಕಲ್! ಚಾರ್ಜಿಗೆ ಹಾಕಿದ್ದ ಬ್ಯಾಟರಿ ನನ್ನ ರೂಮಲ್ಲೇ ಉಳಿದ್ಬಿಟ್ಟಿದೆ. ಖಾಲಿ ಕ್ಯಾಮೆರಾ ಕೊಟ್ಬಿಟ್ಟಿದ್ದೀನಿ. ಪಾಪ, ಇಡೀ ದಿನ ಒಂದ್ ಫೋಟೋನೂ ತೆಗೆಯಕ್ಕಾಗಿಲ್ಲ ಅಲ್ವಾ?"

ಹನುಮಂತರಾಯಪ್ಪ ತಿರುವುತ್ತಿದ್ದ ಮೀಸೆಯನ್ನು ಅರ್ಧಕ್ಕೇ ಬಿಟ್ಟ. ಅತ್ತೆ ಬ್ಯಾಟರಿಯನ್ನು ನೋಡಿದರು, ಗೋಪಾಲಪ್ಪನನ್ನು ನೋಡಿದರು.

"ಅಂಗಾರೆ ಟಿಕ್ ಟಿಕ್ ಅಂತಿದ್ದುದ್ದು ಯಾರ್ಲಾ?"

"ನಾನೇ ಅತ್ತೆ. ನಿಮ್ಮ ಮುಖ ನೋಡಿ ಹೇಳಕ್ಕಾಗ್ಲಿಲ್ಲ. ತಪ್ಪಾಯ್ತು."

ಅತ್ತೆ ಗೇಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗೋಪಾಲಪ್ಪನಿಗೆ ಹೋದ ಜೀವ ಬಂದಂತಾಯಿತು.

"ಓಗ್ಲಿ ಬಿಡು, ಬರೋ ಭಾನ್ವಾರ ಇನ್ನೊಂದ್ ಕಿತ ಓಗಾನ. ಅಲ್ಲೀಗಂಟ ಇಲ್ಲೇ ಇರ್ತೀನಿ. ನಮ್ಮಕ್ಕಂದಿರು ಇಬ್ರುಗೂ ಪೋನ್ ಮಾಡು, ಗೋಡೆಗಾಕೋಕೆ ಅವ್ರುವೂ ನಗೋ ಪಟ ಇಲ್ಲ. ನಾಳೀಕೇ ಬಂದ್ಬಿಡ್ಲಿ" ಎಂದು ಒಳಗೆ ನಡೆದ ಅತ್ತೆ, ಬಾಗಿಲಲ್ಲಿ ನಿಂತು ತಿರುಗಿ ನೋಡಿದರು.

"ಬ್ಯಾಟ್ರಿ ಆಕ್ಕೊ, ಬ್ಯಾಡ ಅನ್ನಾಕಿಲ್ಲ. ಆದ್ರೆ ಆ ಟಿಕ್ ಮಾತ್ರ ನೀನೇ ಅನ್ಬೇಕು ಕಣೋ. ಅದಿಲ್ದೆ ನಂಗೆ ನಗಾ ಬರಾಕಿಲ್ಲ."