ಉಪ್ಪುನೀರು ಕುಡಿದ ಹೆಡ್‌ಫೋನು

ಹಳೆಯ ವಸ್ತುವನ್ನು ಮನೆಗೆ ತರುವುದು ಸುಲಭ, ಅದನ್ನು ಮನೆಯವರ ಕೈಯಿಂದ ಕಾಪಾಡುವುದು ಕಷ್ಟ. ನನಗೆ ಸಿಟ್ಟು ಬರುವುದು ಅಪರೂಪ ಎಂದು ನಾನು ತಿಳಿದಿದ್ದೇನೆ. ಈ ವಿಷಯದಲ್ಲಿ ಮನೆಯೊಳಗೆ ಒಮ್ಮತವಿಲ್ಲ. ಅದಿರಲಿ. ಈ ಸಲದ ಸಿಟ್ಟಾದರೂ ನ್ಯಾಯವಾದದ್ದು ಎಂದು ಓದಿದ ಮೇಲೆ ನೀವೇ ಒಪ್ಪುತ್ತೀರಿ.

ನಮ್ಮವ್ವನಿಗೆ ಕಿವಿ ಮಂದ. ಆಕೆ ಅದನ್ನು ಒಪ್ಪುವುದಿಲ್ಲ. ಇತ್ತೀಚೆಗೆ ಜನರೆಲ್ಲ ಬಾಯೊಳಗೇ ಮಾತಾಡುವುದನ್ನು ಕಲಿತಿದ್ದಾರೆ ಎಂಬುದು ಆಕೆಯ ದೂರು. ಸಂಜೆ ಆಕೆ ಧಾರಾವಾಹಿ ಹಚ್ಚಿದರೆ, ಯಾವ ಸೊಸೆ ಯಾವ ಅತ್ತೆಗೆ ಏನೆಂದಳು ಎಂಬುದು ವಿದ್ಯಾಗಿರಿಯ ನಮ್ಮ ಓಣಿಯಲ್ಲಿ ಹಾಲಿನವನಿಗೂ ತಿಳಿಯುತ್ತದೆ. ಮೇಲಿನ ಮನೆಯ ಮಾಸ್ತರರ ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ. ಮಾಸ್ತರರು ಒಳ್ಳೆಯ ಮನುಷ್ಯರು. ಬಾಗಿಲಲ್ಲೇ ನಿಂತು, ನೆಲ ನೋಡುತ್ತ, "ಟಿವಿ ಸ್ವಲ್ಪ ಸಣ್ಣ ಮಾಡ್ರಿ ಸರ್" ಎಂದು ಹೇಳಿ ಹೋಗುತ್ತಾರೆ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಆ ಮರ್ಯಾದೆಯನ್ನು ತಡೆಯಲಾಗದೆ, ಬಾದಾಮಿಯ ಗೆಳೆಯನೊಬ್ಬ ಬಳಸಿ ಬಿಟ್ಟಿದ್ದ ಹೆಡ್‌ಫೋನನ್ನು ಕೇಳಿ ತಂದೆ. ಟಿವಿಯಿಂದ ಅವ್ವನ ಕುರ್ಚಿ ಮುಟ್ಟುವಷ್ಟು ಉದ್ದದ ವೈರು, ಅದರ ಮೇಲೆ ಕೆಂಪು ನೂಲಿನ ಹೊದಿಕೆ. ಬೆವರು, ತಲೆಯೆಣ್ಣೆ, ಧೂಳು ಎಲ್ಲ ಕುಡಿದು ಕೈಗೆ ಜಿಗಿಜಿಗಿ ಅಂಟುತ್ತಿತ್ತು. ಅವ್ವ ಅದನ್ನು ಎರಡೇ ಬೆರಳಲ್ಲಿ ಎತ್ತಿ ನೋಡಿ, "ಯಾರ ಕಿವ್ಯಾಗಿನ ಹೊಲಸೋ ಏನೋ. ಸ್ವಚ್ಛ ಮಾಡಿ ಕೊಟ್ರ ಹಾಕ್ಕೋತೇನಿ, ಇಲ್ಲಾಂದ್ರ ಒಲ್ಲೆ" ಎಂದಳು.

ವೈರು ತೊಳೆಯುವ ವಸ್ತುವಲ್ಲ, ಒರೆಸುವ ವಸ್ತು. ಇದು ನನ್ನ ವಾದ, ಇಂದಿಗೂ. ಬಿಳಿಯ ಅರಿವೆಯೊಂದನ್ನು ಸೋಪಿನ ನೀರಲ್ಲಿ ಅದ್ದಿ, ಹನಿ ಬೀಳದಂತೆ ಹಿಂಡಿ, ಕಿವಿಯ ಕಡೆಯಿಂದ ಕೆಳಕ್ಕೆ ಮೆಲ್ಲಗೆ ಒರೆಸುತ್ತ ಬಂದೆ. ಜಗ್ಗಬಾರದು, ಮಡಚಬಾರದು, ಕಿವಿಯ ಭಾಗಕ್ಕಾಗಲಿ ಟಿವಿಗೆ ಚುಚ್ಚುವ ಪಿನ್ನಿಗಾಗಲಿ ನೀರು ಹತ್ತಬಾರದು, ಕೊನೆಗೆ ಒಣ ಅರಿವೆಯಿಂದ ಒರೆಸಬೇಕು. ಕಾಲೇಜಿನಲ್ಲಿ ಪಾಠ ಹೇಳುವ ಚಟ ಮನೆಯಲ್ಲೂ ಬಿಡುವುದಿಲ್ಲ, ಎಲ್ಲವನ್ನೂ ಅವ್ವನಿಗೆ ವಿವರಿಸಿದೆ. ಆಕೆ ತಲೆಯಾಡಿಸಿದಳು. ಅರಿವೆ ಮೊದಲು ಕಪ್ಪಾಯಿತು, ಆಮೇಲೆ ತುಸು ಕೆಂಪಾಯಿತು. ನಾನು ಕಪ್ಪನ್ನು ನೋಡಿ ಹಿಗ್ಗಿದೆ. ಆಕೆ ಕೆಂಪನ್ನು ನೋಡಿದಳು.

ಅವ್ವನ ತವರು ಇಳಕಲ್ಲು. ಹೊಸ ಸೀರೆ ಬಣ್ಣ ಬಿಟ್ಟರೆ ಉಪ್ಪುನೀರಿನಲ್ಲಿ ನೆನೆಹಾಕಿ ನೆರಳಿನಲ್ಲಿ ಒಣಗಿಸಬೇಕೆಂಬುದನ್ನು ಆಕೆ ಅಕ್ಷರಕ್ಕಿಂತ ಮೊದಲು ಕಲಿತವಳು. ಮರುದಿನ ಕಾಲೇಜಿನಿಂದ ಬಂದು ಕೈಕಾಲು ತೊಳೆಯಲು ಬಚ್ಚಲಿಗೆ ಹೋದರೆ ಅಲ್ಲೊಂದು ಬಕೆಟ್ಟು. ಕಿವಿಯ ಭಾಗ ಅದರ ಹಿಡಿಕೆಗೆ ತೂಗುತ್ತಿತ್ತು. ವೈರೆಲ್ಲ ನೀರೊಳಗೆ, ಪಿನ್ನು ತಳದಲ್ಲಿ.

"ಬಣ್ಣ ಬಿಡಾಕತ್ತಿತ್ತಲ್ಲೋ ತಮ್ಮಾ, ಉಪ್ಪಿನ ನೀರಾಗ ಹಾಕೇನಿ" ಎಂದಳು ಅವ್ವ. "ಇನ್ನ ಬಿಡಂಗಿಲ್ಲ."

"ಪಿನ್ನಿಗೆ ನೀರ ಹತ್ತಬಾರ್ದು ಅಂತ ಬಡಕೊಂಡಿದ್ನೆಲ್ಲ ಯವ್ವಾ?"

"ನೀ ಹೇಳಿದ್ದು ಅರ್ಧ ಕೇಳಿಸ್ತು. ಕಿವಿ ಹೊರಗ ಇಟ್ಟೇನಿ ನೋಡು."

ನೆರಳಿನಲ್ಲಿ ಚೆನ್ನಾಗಿ ಒಣಗಿದ ಮೇಲೆ ಹಚ್ಚಿ ನೋಡಿದೆ. ಪಿನ್ನು ಹಸಿರುಗಟ್ಟಿತ್ತು, ಸದ್ದು ಸುದ್ದಿ ಇಲ್ಲ. ಒದ್ದೆ ಅರಿವೆಯಿಂದ ವೈರು ಒರೆಸಿದರೆ ಅರಿವೆ ಬೆಳ್ಳಗೇ ಇತ್ತು. ಬಣ್ಣ ಗಟ್ಟಿಯಾಗಿ ನಿಂತಿತ್ತು ಎಂಬುದೇ ನನ್ನನ್ನು ಹೆಚ್ಚು ಕೆರಳಿಸಿತು. ಕೈಯಲ್ಲಿ ಆ ಕೆಂಪು ವೈರನ್ನು ಹಿಡಿದು ಪಡಸಾಲೆಯ ನಡುವೆ ನಿಂತೆ. ಉಪ್ಪಿಗೂ ತಾಮ್ರಕ್ಕೂ ಇರುವ ಹಗೆ, ಬಾದಾಮಿಯ ಗೆಳೆಯನಿಗೆ ನಾನಿನ್ನು ತೋರಿಸಬೇಕಾದ ಮುಖ, ಓದುವ ಹುಡುಗಿಯ ಭವಿಷ್ಯ, ಈ ಮನೆಯಲ್ಲಿ ನನ್ನ ಮಾತಿಗೆ ಇರುವ ಬೆಲೆ, ಒಂದನ್ನೂ ಬಿಡಲಿಲ್ಲ. ಅವ್ವ ಪ್ರತಿಯೊಂದಕ್ಕೂ "ಆಂ?" ಎನ್ನುತ್ತಿದ್ದಳು. ಹಾಗಾಗಿ ಪ್ರತಿಯೊಂದನ್ನೂ ಇನ್ನೂ ಗಟ್ಟಿಯಾಗಿ ಇನ್ನೊಮ್ಮೆ ಹೇಳಬೇಕಾಯಿತು.

ಬಾಗಿಲು ಬಡಿದ ಸದ್ದಾಯಿತು. ಮಾಸ್ತರರು.

"ತಪ್ಪ ತಿಳೀಬ್ಯಾಡ್ರಿ ಸರ್. ಇವತ್ತ ಟಿವಿ ಭಾಳ ಜೋರ ಆಗೇತಿ."

"ಟಿವಿ ಬಂದ್ ಐತ್ರಿ" ಎಂದಳು ಬಾಗಿಲು ತೆರೆದ ನನ್ನ ಹೆಂಡತಿ. "ಇವರ ಮಾತಾಡಾಕತ್ತಾರ."

"ಹೌದ್ರಿ ಮಾಸ್ತರ" ಎಂದು ಅವ್ವ ಕುರ್ಚಿಯಿಂದಲೇ ಸಮಾಧಾನವಾಗಿ ನುಡಿದಳು. "ಇವತ್ತ ನಂಗ ಎಲ್ಲಾ ಚೊಲೋ ಕೇಳಿಸ್ತು."

ಮಾಸ್ತರರು ಎಂದಿನಂತೆ ನೆಲ ನೋಡಿದರು. ಈ ಸಲ ನಾನೂ ನೋಡಿದೆ.